ಹೊಟ್ಟಿನ ಹೊದಿಕೆಯಲ್ಲಿ ಸಾಗರ ದಾಟಿದ ಮಂಜುಗಡ್ಡೆ

ಬೇಸಿಗೆಯ ಮದುವೆ ಮನೆಗೆ ಮಂಜುಗಡ್ಡೆ ತರುವವರು ಅದನ್ನು ಮರದ ಹೊಟ್ಟಿನಲ್ಲಿ ಹೊರಳಿಸಿ, ಗೋಣಿತಾಟಿನಲ್ಲಿ ಸುತ್ತಿ ತರುತ್ತಾರೆ. ನೋಡುವ ಮಕ್ಕಳಿಗೆ ಇದು ಸೋಜಿಗ. ಹೊದಿಕೆ ಇರುವುದು ಬೆಚ್ಚಗಾಗಲು. ತಣ್ಣಗಿರಬೇಕಾದ ವಸ್ತುವಿಗೆ ಹೊದಿಕೆ ಏಕೆ? ಪ್ರಶ್ನೆ ಮಕ್ಕಳದಾದರೂ ಉತ್ತರ ಸಣ್ಣದಲ್ಲ. ಹೊದಿಕೆ ಬೆಚ್ಚಗೆ ಮಾಡುವುದೂ ಇಲ್ಲ, ತಣ್ಣಗೆ ಮಾಡುವುದೂ ಇಲ್ಲ. ಶಾಖದ ಓಡಾಟವನ್ನು ತಡೆಯುವುದಷ್ಟೇ ಅದರ ಕೆಲಸ. ಒಳಗೆ ಬಿಸಿ ಮೈ ಇದ್ದರೆ ಶಾಖ ಹೊರಗೆ ಹೋಗದು. ಒಳಗೆ ಮಂಜುಗಡ್ಡೆ ಇದ್ದರೆ ಶಾಖ ಒಳಗೆ ಬಾರದು. ಈ ಸರಳ ಸತ್ಯವನ್ನು ನಂಬಿ ಅಮೆರಿಕದ ಒಬ್ಬ ವ್ಯಾಪಾರಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ತನ್ನ ಆಸ್ತಿ, ಮಾನ, ಆರೋಗ್ಯ ಮೂರನ್ನೂ ಪಣಕ್ಕಿಟ್ಟ. ಆ ಸಾಹಸದ ಕೊನೆಯ ಅಧ್ಯಾಯ ನಡೆದದ್ದು ನಮ್ಮ ದೇಶದಲ್ಲಿ.

1833ರ ಮೇ 12ರಂದು ಬೋಸ್ಟನ್ ಬಂದರಿನಿಂದ 'ಟಸ್ಕನಿ' ಎಂಬ ಹಡಗು ಕಲ್ಕತ್ತೆಯ ಕಡೆಗೆ ಹೊರಟಿತು. ಅದರ ಒಡಲಲ್ಲಿ ಇದ್ದದ್ದು 180 ಟನ್ ಮಂಜುಗಡ್ಡೆ. ಸೂಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಲ್ಲಿಯವರೆಗೆ ಅಮೆರಿಕದಿಂದ ಭಾರತಕ್ಕೆ ಬರುವ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಇಳಿದು, ಆಫ್ರಿಕಾ ಖಂಡದ ತುದಿಯ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಬರಬೇಕಾಗಿತ್ತು. ಎಂದರೆ ಉರಿಬಿಸಿಲಿನ ಭೂಮಧ್ಯ ರೇಖೆಯನ್ನು ಒಂದಲ್ಲ, ಎರಡು ಸಲ ದಾಟಬೇಕು. ಸುಮಾರು ನಾಲ್ಕು ತಿಂಗಳ ಪ್ರಯಾಣದ ನಂತರ ಸೆಪ್ಟೆಂಬರ್‌ನಲ್ಲಿ ಹಡಗು ಹೂಗ್ಲಿ ನದಿಯ ಮುಖವನ್ನು ಸೇರಿದಾಗ ಅದರಲ್ಲಿ ಇನ್ನೂ ಸುಮಾರು 100 ಟನ್ ಮಂಜುಗಡ್ಡೆ ಉಳಿದಿತ್ತು. ಯಂತ್ರವಿಲ್ಲ, ವಿದ್ಯುತ್ತಿಲ್ಲ, ಔಷಧವಿಲ್ಲ. ಅದನ್ನು ಕಾಪಾಡಿದ್ದು ಮರ ಕೊಯ್ಯುವ ಕಾರ್ಖಾನೆಗಳು ಹೊರಗೆ ಎಸೆಯುತ್ತಿದ್ದ ಹೊಟ್ಟು.

ನಮ್ಮ ನೆಲದ ಮಂಜುಗಡ್ಡೆ

ಹಾಗೆಂದ ಮಾತ್ರಕ್ಕೆ ಭಾರತೀಯರಿಗೆ ಮಂಜುಗಡ್ಡೆಯೇ ಗೊತ್ತಿರಲಿಲ್ಲವೆಂದು ತಿಳಿಯಬಾರದು. ಅಕ್ಬರನ ಆಸ್ಥಾನದ ವಿವರಗಳನ್ನು ದಾಖಲಿಸಿದ ಅಬುಲ್ ಫಜಲನ 'ಐನ್-ಎ-ಅಕ್ಬರಿ'ಯಲ್ಲಿ ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಆ ನೀರಿನೊಳಗೆ ಕುಡಿಯುವ ನೀರಿನ ಹೂಜಿಯನ್ನು ತಿರುಗಿಸಿ ತಂಪು ಮಾಡುತ್ತಿದ್ದ ಕ್ರಮ ಬರುತ್ತದೆ. ಪೆಟ್ಲುಪ್ಪು ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅದೇ ಇದರ ಗುಟ್ಟು. ಮದ್ದುಗುಂಡಿಗೆ ಬೇಕಾದ ಪೆಟ್ಲುಪ್ಪು ಬಾಯಾರಿಕೆಗೂ ಒದಗಿತ್ತು. ಅಕ್ಬರ್ ಲಾಹೋರಿನಲ್ಲಿ ನೆಲೆಸಿದ ಮೇಲೆ ಉತ್ತರದ ಬೆಟ್ಟಗಳಿಂದ ಹಿಮವೂ ಬರತೊಡಗಿತು.

ಇದಕ್ಕಿಂತ ಅಚ್ಚರಿಯದು ಗಂಗಾ ಬಯಲಿನ ಮಂಜುಗಡ್ಡೆಯ ಹೊಲಗಳು. ಸರ್ ರಾಬರ್ಟ್ ಬಾರ್ಕರ್ ಎಂಬ ಸೇನಾಧಿಕಾರಿ ಅಲಹಾಬಾದಿನಲ್ಲಿ ಕಂಡದ್ದನ್ನು 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ವರ್ಣಿಸಿದ. ಬಯಲಿನಲ್ಲಿ ಮೂವತ್ತು ಅಡಿ ಚೌಕದ, ಎರಡು ಅಡಿ ಆಳದ ಗುಂಡಿ ತೋಡುತ್ತಿದ್ದರು. ಅದರ ತಳಕ್ಕೆ ಸುಮಾರು ಒಂದು ಅಡಿ ದಪ್ಪಕ್ಕೆ ಒಣಗಿದ ಕಬ್ಬಿನ ಇಲ್ಲವೆ ಜೋಳದ ದಂಟುಗಳನ್ನು ಹರಡುತ್ತಿದ್ದರು. ಮೇಲೆ ಸಾಲುಸಾಲಾಗಿ ಹೊಳಪು ಕೊಡದ ಮಣ್ಣಿನ ತಟ್ಟೆಗಳು. ಇಳಿಹೊತ್ತಿನಲ್ಲಿ, ಕಾಯಿಸಿ ಆರಿಸಿದ ನೀರನ್ನು ಅವುಗಳಲ್ಲಿ ಸುರಿಯುತ್ತಿದ್ದರು. ಡಿಸೆಂಬರಿನಿಂದ ಫೆಬ್ರವರಿವರೆಗಿನ ತಿಳಿಯಾದ, ಗಾಳಿಯಿಲ್ಲದ ರಾತ್ರಿಗಳಲ್ಲಿ ಬೆಳಗಾಗುವಷ್ಟರಲ್ಲಿ ತಟ್ಟೆಗಳಲ್ಲಿ ಮಂಜಿನ ಪದರ ಕಟ್ಟಿರುತ್ತಿತ್ತು. ಸುತ್ತಲ ಗಾಳಿ ಹೆಪ್ಪುಗಟ್ಟುವಷ್ಟು ತಂಪಾಗಿರದಿದ್ದರೂ ನೀರು ಹೆಪ್ಪುಗಟ್ಟುತ್ತಿತ್ತು. ಸೂರ್ಯ ಮೂಡುವ ಮೊದಲೇ ಆಳುಗಳು ಅದನ್ನು ಸಂಗ್ರಹಿಸಿ, ಹದಿನಾಲ್ಕು ಹದಿನೈದು ಅಡಿ ಆಳದ, ಹುಲ್ಲು ಮತ್ತು ಒರಟು ಕಂಬಳಿ ಹೊದಿಸಿದ ಹಗೇವಿನಲ್ಲಿ ಒತ್ತೊತ್ತಾಗಿ ಗುದ್ದಿ ತುಂಬುತ್ತಿದ್ದರು. ಬೇಸಿಗೆಯವರೆಗೆ ಅದು ಉಳಿಯುತ್ತಿತ್ತು.

ಇದು ಹೇಗೆ ಸಾಧ್ಯವೆಂದು ಯುರೋಪಿನ ವಿದ್ವಾಂಸರು ಬಹುಕಾಲ ತಲೆ ಕೆಡಿಸಿಕೊಂಡರು. ನೀರು ಆವಿಯಾಗುವುದೇ ಕಾರಣವೆಂದು ಹಲವರು ನಂಬಿದ್ದರು. 1814ರಲ್ಲಿ ಇಬ್ಬನಿಯ ಕುರಿತು ಪ್ರಬಂಧ ಬರೆದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ ಆ ನಂಬಿಕೆಯನ್ನು ಪ್ರಶ್ನಿಸಿದ. ಆವಿಯಾಗುವಿಕೆಯೇ ಕಾರಣವಾಗಿದ್ದರೆ ಗಾಳಿ ಬೀಸಿದಾಗ ಮಂಜು ಹೆಚ್ಚು ಕಟ್ಟಬೇಕು. ಆದರೆ ಕಟ್ಟುತ್ತಿದ್ದದ್ದು ಗಾಳಿಯಿಲ್ಲದಾಗ. ತಳದ ಹುಲ್ಲು ಒದ್ದೆಯಾಗಿದ್ದರೆ ಅನುಕೂಲವಾಗಬೇಕು. ಆದರೆ ಅಲ್ಲಿಯ ಕೆಲಸಗಾರರು ಹುಲ್ಲು ಒಣಗಿರಲೇಬೇಕೆಂದು ಹಟ ಹಿಡಿಯುತ್ತಿದ್ದರು. ನಿಜವಾದ ಕಾರಣ ವಿಕಿರಣ. ತಿಳಿಯಾದ ರಾತ್ರಿಯಲ್ಲಿ ನೀರು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಒಣ ಹುಲ್ಲು ನೆಲದ ಶಾಖ ಮೇಲೇರದಂತೆ ತಡೆಯುತ್ತದೆ. ಗುಂಡಿಯ ಅಂಚು ಬೆಚ್ಚನೆಯ ಗಾಳಿ ನುಗ್ಗದಂತೆ ಕಾಯುತ್ತದೆ. ಅಲಹಾಬಾದಿನ ಆಳುಗಳಿಗೆ ವಿಕಿರಣದ ಸಿದ್ಧಾಂತ ತಿಳಿದಿರಲಿಲ್ಲ. ಹುಲ್ಲು ಒಣಗಿರಬೇಕೆಂಬುದು ಮಾತ್ರ ತಲೆಮಾರುಗಳಿಂದ ತಿಳಿದಿತ್ತು. ಲಂಡನ್ನಿನ ವೈದ್ಯನ ವಾದಕ್ಕೆ ಸಾಕ್ಷಿಯಾಗಿ ನಿಂತದ್ದು ಅವರ ಆ ತಿಳಿವಳಿಕೆಯೇ.

ಬ್ಲ್ಯಾಕ್ ಕಂಡ ಗುಪ್ತ ಶಾಖ

ಮಂಜುಗಡ್ಡೆ ನಾಲ್ಕು ತಿಂಗಳು ಬದುಕಿದ್ದಕ್ಕೆ ಹೊಟ್ಟಿನಷ್ಟೇ ಮುಖ್ಯ ಕಾರಣ ಮಂಜುಗಡ್ಡೆಯ ಸ್ವಭಾವದಲ್ಲೇ ಇದೆ. ಅದನ್ನು ಮೊದಲು ಅಳೆದು ತೋರಿಸಿದವನು ಸ್ಕಾಟ್ಲೆಂಡಿನ ಗ್ಲಾಸ್ಗೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್. ಆ ಕಾಲದ ತಿಳಿವಳಿಕೆಯ ಪ್ರಕಾರ, ಮಂಜುಗಡ್ಡೆ ಕರಗುವ ಮಟ್ಟಕ್ಕೆ ಬಂದ ಮೇಲೆ ಇನ್ನೊಂದಿಷ್ಟು ಶಾಖ ತಾಗಿದರೆ ಸಾಕು, ಪೂರ್ತಿ ನೀರಾಗಿಬಿಡಬೇಕು. ಬ್ಲ್ಯಾಕ್ ಕೇಳಿದ ಪ್ರಶ್ನೆ ನೇರವಾಗಿತ್ತು: ಹಾಗಿದ್ದರೆ ವಸಂತ ಕಾಲದ ಮೊದಲ ಬಿಸಿಲಿಗೇ ಬೆಟ್ಟಗಳ ಹಿಮವೆಲ್ಲ ಒಮ್ಮೆಲೇ ಕರಗಿ, ತಪ್ಪಲಿನ ಊರುಗಳು ಕೊಚ್ಚಿಹೋಗಬೇಕಿತ್ತಲ್ಲ? ಹಾಗಾಗದೆ ಹಿಮ ವಾರಗಟ್ಟಲೆ ನಿಧಾನವಾಗಿ ಕರಗುವುದೇಕೆ?

1761ರ ಸುಮಾರಿಗೆ ಅವನು ಒಂದು ಪ್ರಯೋಗ ಮಾಡಿದ. ಒಂದೇ ಬಗೆಯ ಎರಡು ಗಾಜಿನ ಪಾತ್ರೆಗಳು. ಒಂದರಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, 33 ಡಿಗ್ರಿ ಫ್ಯಾರನ್‌ಹೀಟಿನ ನೀರು. ಎರಡನ್ನೂ 47 ಡಿಗ್ರಿ ಉಷ್ಣತೆಯ ವಿಶಾಲವಾದ ಕೋಣೆಯಲ್ಲಿ ತೂಗುಹಾಕಿದ. ನೀರು ಅರ್ಧ ಗಂಟೆಯಲ್ಲಿ 40 ಡಿಗ್ರಿಗೆ ಏರಿತು. ಮಂಜುಗಡ್ಡೆ ಕರಗಿ ಅದೇ 40 ಡಿಗ್ರಿ ಮುಟ್ಟಲು ಹತ್ತೂವರೆ ಗಂಟೆ ಹಿಡಿಯಿತು. ಕೋಣೆಯಿಂದ ಎರಡು ಪಾತ್ರೆಗಳಿಗೂ ಶಾಖ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಹರಿಯುತ್ತಿದ್ದರೆ, ಮಂಜುಗಡ್ಡೆ 21 ಪಾಲು ಶಾಖ ನುಂಗಿತ್ತು. ಆದರೆ ಅದರಲ್ಲಿ ಬಹುಪಾಲು ಉಷ್ಣಮಾಪಕಕ್ಕೆ ಕಾಣಲೇ ಇಲ್ಲ. ಘನವನ್ನು ದ್ರವವಾಗಿಸುವ ಕೆಲಸದಲ್ಲಿ ಅದು ಅಡಗಿಹೋಗಿತ್ತು. ಬ್ಲ್ಯಾಕ್ ಇದಕ್ಕೆ ಗುಪ್ತೋಷ್ಣ ಎಂಬ ಅರ್ಥದ ಹೆಸರಿಟ್ಟ. ಅವನ ಲೆಕ್ಕದಲ್ಲಿ, ಮಂಜುಗಡ್ಡೆ ಬರಿದೇ ಕರಗಲು ಬೇಕಾಗುವ ಶಾಖ ಅಷ್ಟೇ ನೀರನ್ನು ಸುಮಾರು 140 ಫ್ಯಾರನ್‌ಹೀಟ್ ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಇಂದಿನ ಕರಾರುವಾಕ್ಕಾದ ಅಳತೆ ಸುಮಾರು 144 ಡಿಗ್ರಿ. ಎರಡು ಗಾಜಿನ ಪಾತ್ರೆ, ಒಂದು ಉಷ್ಣಮಾಪಕ, ಒಂದು ಗಡಿಯಾರದಿಂದ ಪಡೆದ ಫಲಿತಾಂಶ ಇಷ್ಟು ಹತ್ತಿರ ಬಂದಿದೆ.

ಈಗಿನ ಮಾತಿನಲ್ಲಿ ಹೇಳುವುದಾದರೆ ಒಂದು ಕಿಲೊ ಮಂಜುಗಡ್ಡೆ ಕರಗಲು 80 ಕಿಲೊಕ್ಯಾಲರಿ ಶಾಖ ಬೇಕು. ಅಷ್ಟೇ ಶಾಖ ಹತ್ತು ಕಿಲೊ ಕಲ್ಲನ್ನು ಸುಮಾರು 40 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡುತ್ತದೆ. ಮಂಜುಗಡ್ಡೆ ಅದನ್ನೆಲ್ಲ ನುಂಗಿಯೂ ತನ್ನ ಉಷ್ಣತೆಯನ್ನು ಸೊನ್ನೆಯಿಂದ ಕದಲಿಸುವುದಿಲ್ಲ. ಅಷ್ಟು ಶಾಖ ಹೊಟ್ಟಿನ ಪದರವನ್ನು ದಾಟಿ ಒಳಗೆ ಬರಲು ಕಾಲ ಬೇಕು. ಹಡಗಿಗೆ ಬೇಕಾಗಿದ್ದದ್ದೂ ಕಾಲವೇ.

ಸಾಲಗಾರನ ಹಟ

ಮಂಜುಗಡ್ಡೆಯನ್ನು ಉಷ್ಣದೇಶಗಳಿಗೆ ಮಾರುವ ಯೋಚನೆ ಹೊತ್ತವನು ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್. ಹುಟ್ಟಿದ್ದು 1783ರಲ್ಲಿ, ಸ್ಥಿತಿವಂತ ವಕೀಲರ ಮನೆಯಲ್ಲಿ. ಚಳಿಗಾಲದಲ್ಲಿ ಆ ಸೀಮೆಯ ಕೆರೆಗಳೆಲ್ಲ ಹೆಪ್ಪುಗಟ್ಟುತ್ತವೆ. ಆ ಮಂಜಿಗೆ ಬೆಲೆಯೇ ಇಲ್ಲ. ಅದೇ ಮಂಜು ವೆಸ್ಟ್ ಇಂಡೀಸ್ ದ್ವೀಪಗಳಲ್ಲಿ ಚಿನ್ನವಾಗಬಾರದೇಕೆ? 1806ರ ಫೆಬ್ರವರಿಯಲ್ಲಿ ಇಪ್ಪತ್ತೆರಡರ ಪ್ರಾಯದ ಟ್ಯೂಡರ್ ಸುಮಾರು 130 ಟನ್ ಮಂಜುಗಡ್ಡೆಯನ್ನು ಮಾರ್ಟಿನಿಕ್ ದ್ವೀಪಕ್ಕೆ ಸಾಗಿಸಿದ. ಸರಕು ಕರಗಿ ಹಡಗೇ ಮುಳುಗೀತೆಂದು ಹೆದರಿ ಯಾರೂ ಹಡಗು ಕೊಡದಿದ್ದರಿಂದ ತಾನೇ ಒಂದನ್ನು ಕೊಂಡಿದ್ದ. ಊರಿನ ಪತ್ರಿಕೆ ಇದನ್ನು ಹಾಸ್ಯದ ಧಾಟಿಯಲ್ಲಿ ವರದಿ ಮಾಡಿತು.

ಮಂಜುಗಡ್ಡೆ ದ್ವೀಪವನ್ನೇನೋ ಸೇರಿತು. ಆದರೆ ಅಲ್ಲಿ ಅದನ್ನು ಇಡುವ ಮನೆ ಇರಲಿಲ್ಲ. ಕೊಂಡವರಿಗೆ ಅದನ್ನು ಹೇಗೆ ಕಾಪಾಡಬೇಕೆಂಬುದು ತಿಳಿಯದು. ಸರಕು ಕೆಲವೇ ವಾರಗಳಲ್ಲಿ ನೀರಾಯಿತು, ಬಂಡವಾಳವೂ ನೀರಾಯಿತು. ಮುಂದಿನ ವರ್ಷಗಳಲ್ಲಿ ಅಮೆರಿಕ ಸರ್ಕಾರ ವಿದೇಶ ವ್ಯಾಪಾರವನ್ನೇ ನಿಷೇಧಿಸಿತು. ಸಾಲ ಬೆಳೆಯಿತು. 1812 ಮತ್ತು 1813ರಲ್ಲಿ ಟ್ಯೂಡರ್ ಸಾಲಗಾರರ ಸೆರೆಮನೆ ಕಂಡ. ಆದರೂ ಅವನು ಕೈಬಿಡಲಿಲ್ಲ. ಸಮಸ್ಯೆ ಇರುವುದು ಹಡಗಿನಲ್ಲಲ್ಲ, ದಡದಲ್ಲಿ ಎಂಬುದು ಅವನಿಗೆ ಮನವರಿಕೆಯಾಗಿತ್ತು.

ಅವನು ಕ್ಯೂಬಾದ ಹವಾನಾದಲ್ಲಿ ಜೋಡಿ ಗೋಡೆಗಳ ಮಂಜಿನ ಮನೆಯನ್ನು ಕಟ್ಟಿಸಿದ. ಎರಡು ಗೋಡೆಗಳ ನಡುವೆ ಏನು ತುಂಬಬೇಕೆಂದು ಒಂದೊಂದನ್ನೇ ಪರೀಕ್ಷಿಸಿದ. ಹುಲ್ಲು, ಮರದ ಸಿಬಿರು, ಭತ್ತದ ಹೊಟ್ಟು, ಇದ್ದಿಲಪುಡಿ, ಗರಗಸದ ಹೊಟ್ಟು ಇವುಗಳಲ್ಲಿ ಯಾವುದಿದ್ದಾಗ ಎಷ್ಟು ನೀರು ಸೋರುತ್ತದೆಂದು ಅಳೆದ. ಕೊನೆಗೆ ಗೆದ್ದದ್ದು ಗರಗಸದ ಹೊಟ್ಟು. ನೆರೆಯ ಮೇಯ್ನ್ ಸೀಮೆಯ ಮರದ ಕಾರ್ಖಾನೆಗಳಿಗೆ ಅದು ಹೊರೆಯಾಗಿತ್ತು, ನದಿಗೆ ಸುರಿಯುತ್ತಿದ್ದರು. ಬೆಲೆಯಿಲ್ಲದ ಮಂಜು, ಬೆಲೆಯಿಲ್ಲದ ಹೊಟ್ಟು ಇವೆರಡನ್ನು ಸೇರಿಸಿದ್ದೇ ಅವನ ಬಂಡವಾಳ.

ಹೊಟ್ಟು ಏಕೆ ಗೆದ್ದಿತು? ಇದಕ್ಕೆ ಉತ್ತರದ ಸುಳಿವು ಕೊಟ್ಟಿದ್ದವನು ಅದೇ ಸೀಮೆಯಲ್ಲಿ, ಬೋಸ್ಟನ್ನಿಗೆ ಹತ್ತಿರದ ವೋಬರ್ನ್‌ನಲ್ಲಿ ಹುಟ್ಟಿ ಯುರೋಪಿನಲ್ಲಿ ಹೆಸರು ಮಾಡಿದ ಕೌಂಟ್ ರಮ್‌ಫರ್ಡ್. ತುಪ್ಪಳ, ಉಣ್ಣೆ, ಹಕ್ಕಿಯ ಪುಕ್ಕ ಮುಂತಾದವು ಏಕೆ ಬೆಚ್ಚಗಿಡುತ್ತವೆಂದು ಅವನು ಪ್ರಯೋಗಗಳಿಂದ ಪರೀಕ್ಷಿಸಿ 1792ರಲ್ಲಿ ಪ್ರಕಟಿಸಿದ. ಬೆಚ್ಚಗಿಡುವುದು ಎಳೆಗಳಲ್ಲ, ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದ ಗಾಳಿ ಶಾಖವನ್ನು ಬಹಳ ಕಷ್ಟದಿಂದ ಸಾಗಿಸುತ್ತದೆ. ತಾಮ್ರ ಅದಕ್ಕಿಂತ ಸುಮಾರು ಹದಿನೈದು ಸಾವಿರ ಪಟ್ಟು, ಮಂಜುಗಡ್ಡೆ ಎಂಬತ್ತಕ್ಕೂ ಹೆಚ್ಚು ಪಟ್ಟು, ನೀರು ಇಪ್ಪತ್ತಕ್ಕೂ ಹೆಚ್ಚು ಪಟ್ಟು ಸಲೀಸಾಗಿ ಶಾಖವನ್ನು ಸಾಗಿಸುತ್ತವೆ. ಆದರೆ ಗಾಳಿಯನ್ನು ಅದರ ಪಾಡಿಗೆ ಬಿಟ್ಟರೆ ಸುಮ್ಮನಿರುವುದಿಲ್ಲ. ಬಿಸಿಯಾದದ್ದು ಮೇಲೇರಿ ತಣ್ಣಗಾದದ್ದು ಕೆಳಗಿಳಿದು, ಶಾಖವನ್ನು ಹೊತ್ತು ತಿರುಗುತ್ತದೆ. ಹೊಟ್ಟಿನ ಕೋಟ್ಯಂತರ ಕಣಗಳು ಗಾಳಿಯನ್ನು ಸಣ್ಣ ಸಣ್ಣ ಸೆರೆಗಳಲ್ಲಿ ಕೂಡಿಹಾಕುತ್ತವೆ. ಹೀಗಾಗಿ ಇಡಿಯ ಮರದ ಹಲಗೆಗಿಂತ ಅದೇ ಮರದ ಹೊಟ್ಟು ಶಾಖವನ್ನು ಸರಿಸುಮಾರು ಎರಡು ಪಟ್ಟು ಚೆನ್ನಾಗಿ ತಡೆಯುತ್ತದೆ.

ಹೊಟ್ಟಿನ ಶತ್ರು ತೇವ. ಸಂದುಗಳಲ್ಲಿ ಗಾಳಿಯ ಬದಲು ನೀರು ತುಂಬಿದರೆ ಶಾಖಕ್ಕೆ ದಾರಿ ತೆರೆದಂತೆ. ಆದ್ದರಿಂದಲೇ ಹಡಗಿನಲ್ಲಿ ಕರಗಿದ ನೀರನ್ನು ಕಾಲಕಾಲಕ್ಕೆ ಪಂಪಿನಿಂದ ಹೊರಹಾಕಬೇಕಾಗಿತ್ತು. ಅಲಹಾಬಾದಿನ ಆಳುಗಳು ಒಣ ಹುಲ್ಲಿಗಾಗಿ ಹಟ ಹಿಡಿಯುತ್ತಿದ್ದದ್ದರ ಮರ್ಮವೂ ಇದೇ.

ಇನ್ನೊಂದು ಸಹಾಯ ಬಂದದ್ದು ನಥಾನಿಯಲ್ ವೈಯತ್ ಎಂಬ ಯುವಕನಿಂದ. ಕೇಂಬ್ರಿಜ್ ಊರಿನ ಫ್ರೆಶ್ ಪಾಂಡ್ ಕೆರೆಯ ಬಳಿಯ ಈತ 1825ರ ಸುಮಾರಿಗೆ, ಕುದುರೆ ಎಳೆಯುವ ಮಂಜು ಕೊಯ್ಯುವ ನೇಗಿಲನ್ನು ರೂಪಿಸಿದ. ಅಲ್ಲಿಯವರೆಗೆ ಕೊಡಲಿ ಗರಗಸಗಳಿಂದ ಅಡ್ಡಾದಿಡ್ಡಿ ಒಡೆಯುತ್ತಿದ್ದ ಮಂಜು, ಈಗ ಇಟ್ಟಿಗೆಯಂತೆ ಒಂದೇ ಅಳತೆಯ ಗಡ್ಡೆಗಳಾಗಿ ಬರತೊಡಗಿತು. ಖರ್ಚು ತಗ್ಗಿತು. ಅದಕ್ಕಿಂತ ಮುಖ್ಯವಾಗಿ, ಗಡ್ಡೆಗಳನ್ನು ಸಂದಿಲ್ಲದಂತೆ ಜೋಡಿಸಿದಾಗ ನಡುವೆ ಗಾಳಿ ಸುಳಿಯಲು ಎಡೆಯಿಲ್ಲದಾಯಿತು. ಇಡೀ ರಾಶಿ ಒಂದೇ ದೊಡ್ಡ ಗಡ್ಡೆಯಂತೆ ವರ್ತಿಸಿತು.

ದೊಡ್ಡದಾದಷ್ಟೂ ಬಾಳಿಕೆ

ರಾಶಿ ದೊಡ್ಡದಾಗಿರುವುದರ ಲಾಭವನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯಬಹುದು. ಚೌಕನೆಯ ಗಡ್ಡೆಯ ಉದ್ದ, ಅಗಲ, ಎತ್ತರಗಳನ್ನು ಎರಡು ಪಟ್ಟು ಮಾಡಿದರೆ ಅದರ ತೂಕ ಎಂಟು ಪಟ್ಟಾಗುತ್ತದೆ; ಶಾಖ ಒಳನುಗ್ಗುವ ಮೈಯ ವಿಸ್ತಾರ ನಾಲ್ಕೇ ಪಟ್ಟು. ಒಂದು ಕಿಲೊ ತೂಕದ ಗಡ್ಡೆಗೆ ಹೋಲಿಸಿದರೆ 180 ಟನ್ನಿನ ರಾಶಿಯಲ್ಲಿ ಪ್ರತಿ ಕಿಲೊ ಮಂಜಿನ ಪಾಲಿಗೆ ಬರುವ ಹೊರಮೈ ಐವತ್ತರಲ್ಲಿ ಒಂದು ಪಾಲಿಗಿಂತಲೂ ಕಡಿಮೆ.

180 ಟನ್ ಮಂಜನ್ನು ಒಂದೇ ಚೌಕವಾಗಿ ಜೋಡಿಸಿದರೆ ಪ್ರತಿ ಬದಿ ಸುಮಾರು ಆರು ಮೀಟರ್. ಹೊರಮೈ ಸುಮಾರು 200 ಚದರ ಮೀಟರ್. ಸುತ್ತ ಒಂದು ಅಡಿ ದಪ್ಪದ ಒಣ ಹೊಟ್ಟು, ಹೊರಗೆ ಸರಾಸರಿ 27 ಡಿಗ್ರಿ ಸೆಲ್ಸಿಯಸ್ ಎಂದು ಇಟ್ಟುಕೊಂಡರೆ, ಒಳನುಗ್ಗುವ ಒಟ್ಟು ಶಾಖ ಒಂದೂಕಾಲು ಕಿಲೊವಾಟ್ ಆಸುಪಾಸಿನದು. ಮನೆಯಲ್ಲಿ ನೀರು ಕಾಯಿಸುವ ಸಾಧಾರಣ ವಿದ್ಯುತ್ ಹೀಟರಿನಷ್ಟು! ಈ ಶಾಖಕ್ಕೆ ದಿನಕ್ಕೆ ಮೂರು ಕ್ವಿಂಟಲಿಗಿಂತ ತುಸು ಹೆಚ್ಚು ಮಂಜು ಕರಗುತ್ತದೆ. ನಾಲ್ಕು ತಿಂಗಳಿಗೆ ಸುಮಾರು 40 ಟನ್. 'ಟಸ್ಕನಿ'ಯಲ್ಲಿ ಕರಗಿದ್ದು ಸುಮಾರು 80 ಟನ್. ಹಡಗಿನ ಒಡಲು ಚೌಕವಲ್ಲ, ಹೊಟ್ಟು ಪೂರ್ತಿ ಒಣಗಿರುವುದಿಲ್ಲ, ತುಂಬುವಾಗ ಇಳಿಸುವಾಗ ಬಿಸಿಗಾಳಿ ತಾಗುತ್ತದೆ ಎಂಬುದನ್ನೆಲ್ಲ ನೆನೆದರೆ ವ್ಯತ್ಯಾಸ ಅಚ್ಚರಿಯದಲ್ಲ. ಪವಾಡವೆಂದು ಕಂಡದ್ದು ಲೆಕ್ಕಕ್ಕೆ ಸಿಗುವ ಸಂಗತಿಯೇ ಆಗಿತ್ತು.

ಕಲ್ಕತ್ತೆಯಿಂದ ಮದರಾಸಿಗೆ

ಕಲ್ಕತ್ತೆಯಲ್ಲಿ ಆ ಮಂಜುಗಡ್ಡೆಗೆ ರಾಜಮರ್ಯಾದೆ ಸಿಕ್ಕಿತು. ಸರ್ಕಾರ ಸುಂಕ ಬಿಟ್ಟುಕೊಟ್ಟಿತು. ಹಡಗಿನೊಂದಿಗೆ ಬಂದಿದ್ದ ಪಾಲುದಾರ ವಿಲಿಯಂ ರಾಜರ್ಸ್‌ಗೆ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಬೆಳ್ಳಿಯ ಬಟ್ಟಲನ್ನು ಕೊಟ್ಟು ಗೌರವಿಸಿದ. ಊರಿನ ಯುರೋಪಿಯನ್ನರು ಚಂದಾ ಎತ್ತಿ ಮಂಜಿನ ಮನೆ ಕಟ್ಟಿಸಿದರು. ಮುಂಬಯಿ, ಮದರಾಸುಗಳಲ್ಲೂ ಅಂಥ ಮನೆಗಳು ಎದ್ದವು. ಬೋಸ್ಟನ್ನಿನ ಸೇಬು, ಬೆಣ್ಣೆಗಳೂ ಮಂಜುಗಡ್ಡೆಯ ಜೊತೆಗೆ ಬಂದವು. ಜ್ವರದ ರೋಗಿಗಳ ತಲೆಗೆ ಇಡಲು ವೈದ್ಯರು ಅದನ್ನು ಬಳಸಿದರು. ಆದರೆ ಅದರ ತಂಪನ್ನು ಸವಿದವರು ಅಧಿಕಾರಿಗಳು, ವರ್ತಕರು, ಸಿರಿವಂತರು. ರೇವಿನಲ್ಲಿ ಅದನ್ನು ತಲೆಯ ಮೇಲೆ ಹೊತ್ತು ಓಡಿದ ಕೂಲಿಗಳಿಗೆ ದಕ್ಕಿದ್ದು ಸೋರಿದ ನೀರು.

ಟ್ಯೂಡರನ ಪಾಲಿಗೆ ಭಾರತ ಆಪದ್ಬಾಂಧವನಾಯಿತು. ಕಾಫಿಯ ಸಟ್ಟಾ ವ್ಯಾಪಾರದಲ್ಲಿ ಅವನು ಎರಡು ಲಕ್ಷ ಡಾಲರುಗಳಿಗೂ ಹೆಚ್ಚು ಕಳೆದುಕೊಂಡು ಮತ್ತೆ ಮುಳುಗಿದ್ದ. ವರ್ಷಗಟ್ಟಲೆ ನಡೆದ ಮಂಜಿನ ವ್ಯಾಪಾರದ ಲಾಭದಿಂದಲೇ ಆ ಸಾಲ ತೀರಿತು. 1864ರಲ್ಲಿ ಅವನು ಸತ್ತದ್ದು ಶ್ರೀಮಂತನಾಗಿ.

1846–47ರ ಚಳಿಗಾಲದಲ್ಲಿ ಮಂಜು ಕೊಯ್ಯಲು ಟ್ಯೂಡರನ ಆಳುಗಳು ಕಾಂಕರ್ಡ್ ಊರಿನ ವಾಲ್ಡನ್ ಕೆರೆಗೆ ಬಂದಾಗ, ಅದರ ದಡದ ಗುಡಿಸಲಿನಲ್ಲಿ ಭಗವದ್ಗೀತೆ ಓದುತ್ತಿದ್ದ ಹೆನ್ರಿ ಡೇವಿಡ್ ಥೋರೊ ಅವರನ್ನು ಕಂಡ. ತನ್ನ ಕೆರೆಯ ನೀರು ಗಂಗೆಯ ನೀರಿನೊಂದಿಗೆ ಬೆರೆಯುವುದನ್ನು ಕಲ್ಪಿಸಿಕೊಂಡು 1854ರಲ್ಲಿ ಪ್ರಕಟವಾದ 'ವಾಲ್ಡನ್' ಕೃತಿಯಲ್ಲಿ ಬರೆದ. ಅವನ ಬರಹದಿಂದ ಗಾಂಧೀಜಿ ಪ್ರಭಾವಿತರಾದದ್ದು ಎಲ್ಲರಿಗೂ ಗೊತ್ತು. ಅವನ ಕೆರೆಯ ಮಂಜಿನ ಮಾತು ಅಷ್ಟಾಗಿ ಗೊತ್ತಿಲ್ಲ.

ಈ ವ್ಯಾಪಾರದ ಬಿಸಿ ತಟ್ಟಿದ್ದು ಹೂಗ್ಲಿ ತೀರದ ಮಂಜಿನ ಹೊಲಗಳಿಗೆ. ಚಳಿಗಾಲದಲ್ಲಿ ತಟ್ಟೆಗಳಿಂದ ಕೆರೆದು ತೆಗೆದ ತೆಳುವಾದ, ಕೆಸರು ಬೆರೆತ ಮಂಜು, ಗಾಜಿನಂತೆ ಹೊಳೆಯುವ ಬೋಸ್ಟನ್ ಗಡ್ಡೆಗಳ ಮುಂದೆ ನಿಲ್ಲಲಿಲ್ಲ. ಅಲಹಾಬಾದಿನಂಥ ಒಳನಾಡಿನ ಊರುಗಳಲ್ಲಿ ಮಾತ್ರ ಹಳೆಯ ಕಸುಬು ಇನ್ನಷ್ಟು ಕಾಲ ಉಸಿರಾಡಿತು. ಕೊನೆಗೆ ಬೋಸ್ಟನ್ನಿನ ಮಂಜಿಗೂ ಅದೇ ಗತಿಯಾಯಿತು. 1878ರಲ್ಲಿ ಬೆಂಗಾಲ್ ಐಸ್ ಕಂಪನಿ ಹುಟ್ಟಿ ಕಲ್ಕತ್ತೆಯಲ್ಲೇ ಯಂತ್ರದಿಂದ ಮಂಜುಗಡ್ಡೆ ತಯಾರಾಗತೊಡಗಿದ ಮೇಲೆ, ಅರ್ಧ ಭೂಮಿ ಸುತ್ತಿ ಬರುವ ಮಂಜನ್ನು ಕೇಳುವವರಿಲ್ಲದಾದರು. ಕೆಲವೇ ವರ್ಷಗಳಲ್ಲಿ ಆ ವ್ಯಾಪಾರ ನಿಂತೇಹೋಯಿತು.

ಉಳಿದಿರುವ ಗುರುತು ಚೆನ್ನೈಯ ಕಡಲತೀರದ ದುಂಡು ಮೈಯ ಕಟ್ಟಡ. 1840ರ ದಶಕದ ಈ ಮಂಜಿನ ಮನೆಯನ್ನು ವ್ಯಾಪಾರ ಮುಗಿದ ಮೇಲೆ ಬಿಳಿಗಿರಿ ಅಯ್ಯಂಗಾರ್ ಎಂಬ ವಕೀಲರು ಕೊಂಡು ವಾಸದ ಮನೆಯಾಗಿಸಿದರು. ಪಶ್ಚಿಮ ದೇಶಗಳಿಂದ ಮರಳಿದ ಸ್ವಾಮಿ ವಿವೇಕಾನಂದರು 1897ರ ಫೆಬ್ರವರಿಯಲ್ಲಿ ಒಂಬತ್ತು ದಿನ ತಂಗಿದ್ದದ್ದು ಇಲ್ಲಿಯೇ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಸಹೋದರಿ ಸುಬ್ಬಲಕ್ಷ್ಮಿಯವರು ಬಾಲವಿಧವೆಯರ ಓದಿಗಾಗಿ ನಡೆಸಿದ ನಿಲಯಕ್ಕೂ ಇದು ನೆಲೆಯಾಗಿತ್ತು. ಈಗ ಅದು ವಿವೇಕಾನಂದರ್ ಇಲ್ಲಂ. ಆದರೂ ಸುತ್ತಲಿನ ಬಡಾವಣೆಯನ್ನು ಜನ ಇಂದಿಗೂ ಐಸ್ ಹೌಸ್ ಎಂದೇ ಕರೆಯುತ್ತಾರೆ.

ವ್ಯಾಪಾರ ಅಳಿದರೂ ಅದು ನೆಚ್ಚಿದ್ದ ನಿಯಮ ಅಳಿದಿಲ್ಲ. ಪೋಲಿಯೊ ಹನಿಯಿಂದ ಹಿಡಿದು ಕೊರೊನಾ ಲಸಿಕೆಯವರೆಗೆ, ವಿದ್ಯುತ್ ಇರಲಿ ಇಲ್ಲದಿರಲಿ, ಮಲೆನಾಡಿನ ಒಂಟಿ ಮನೆಗಳಿಗೂ ಬಯಲುಸೀಮೆಯ ತಾಂಡಾಗಳಿಗೂ ಆರೋಗ್ಯ ಕಾರ್ಯಕರ್ತೆಯರು ಹೊತ್ತು ನಡೆದದ್ದು ಒಂದು ಪುಟ್ಟ ಪೆಟ್ಟಿಗೆಯನ್ನು. ಅದರ ಗೋಡೆಗಳಲ್ಲಿ ಹೊಟ್ಟಿನ ಬದಲು ಸಣ್ಣ ಗುಳ್ಳೆಗಳ ನೊರೆಪ್ಲಾಸ್ಟಿಕ್ ಇದೆ. ಒಳಗೆ ಹೆಪ್ಪುಗಟ್ಟಿಸಿದ ನೀರಿನ ಚೀಲಗಳಿವೆ. ಗುಳ್ಳೆಗಳು ಶಾಖವನ್ನು ಬಾಗಿಲಲ್ಲೇ ತಡೆಯುತ್ತವೆ. ತಡೆ ಮೀರಿ ಬಂದ ಶಾಖವನ್ನು ಮಂಜು ನುಂಗಿಕೊಳ್ಳುತ್ತದೆ. ಹಳ್ಳಿಯ ಕೊನೆಯ ಮಗುವಿಗೆ ಲಸಿಕೆ ಕೆಡದೆ ತಲುಪುವುದು ಹೀಗೆ.